ದಿಬ್ಬದೊಳಗೆ ಇಟ್ಟ ಕೈ

ಮಾಣಿಕನಗರದಿಂದ ಹುಮನಾಬಾದ್ ಬಸ್ ನಿಲ್ದಾಣಕ್ಕೆ ನನ್ನನ್ನು ಕರೆದೊಯ್ದ ಆಟೋದವನು ಒಂದೇ ಒಂದು ಚೀಲ ನೋಡಿ, "ಹೈದರಾಬಾದಿಗೇನ್ರಿ ಮೇಡಂ?" ಎಂದ. ಹೈದರಾಬಾದಿನಿಂದ ವಿಮಾನದಲ್ಲಿ ಅಂಡಮಾನಕ್ಕೆ, ಅಲ್ಲಿಂದ ಹಡಗಿನಲ್ಲಿ ಇನ್ನೂ ಕೆಳಗೆ, ದೇಶ ಮುಗಿಯುವ ದ್ವೀಪಕ್ಕೆ ಹೋಗುತ್ತೇನೆ ಎಂದೆ. ಅವನು ಕನ್ನಡಿಯಲ್ಲಿ ನನ್ನ ಮುಖ ನೋಡಿದ.

"ಜೋಡಿ ಯಾರ್ ಬರಾಕತ್ತಾರ್ರಿ?"

"ಯಾರೂ ಇಲ್ಲಪ್ಪ. ನಾ ಒಬ್ಬಾಕಿನೇ."

"ಅಲ್ಲಿ ಯಾವ ದೇವರದಾನ್ರಿ?"

"ದೇವರಿಲ್ಲ. ಒಂದ್ ಹಕ್ಕಿ ಅದ."

ಅವನು ಕನ್ನಡಿಯಿಂದ ಕಣ್ಣು ತೆಗೆದು ಆಟೋ ಜೋರಾಗಿ ಓಡಿಸಿದ. ನಿವೃತ್ತಿಯಾದ ಮೇಲೆ ಮೇಡಂಗೆ ತಲೆ ಕೆಟ್ಟಿದೆ ಎಂದುಕೊಂಡಿರಬೇಕು. ಒಬ್ಬಳೇ ಎನ್ನುವ ಮಾತನ್ನು ನಾನು ಜೀವನವಿಡೀ ಸ್ವಲ್ಪ ಜಂಬದಿಂದಲೇ ಹೇಳಿಕೊಂಡು ಬಂದವಳು. ಬಸವಕಲ್ಯಾಣದ ಒಂದು ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನ ಕಲಿಸಿದೆ. ಮದುವೆ ಬೇಡವೆಂದೆ, ಜೋರು ಮಾಡಿ ಒಪ್ಪಿಸುವವರೂ ಇರಲಿಲ್ಲ. ಹುಮನಾಬಾದಿನ ಪಕ್ಕದ ಮಾಣಿಕನಗರದಲ್ಲಿ ಎರಡು ಖೋಲಿಯ ಮನೆ ಕಟ್ಟಿಕೊಂಡೆ. ಬೆಳಿಗ್ಗೆ ಒಂದು ಲೋಟ ಚಹಾ ಕಾಯಿಸಿ, ಅದೇ ಲೋಟ ತೊಳೆದಿಟ್ಟು, ಸಂಜೆ ಅದರಲ್ಲೇ ಕುಡಿಯುವ ಬದುಕು. ಅದರಲ್ಲಿ ತಪ್ಪೇನೂ ಇಲ್ಲ ಎಂದು ನನಗೆ ನಾನೇ ಬಹಳ ಸಲ ಹೇಳಿಕೊಂಡಿದ್ದೇನೆ. ತಪ್ಪಿಲ್ಲದ್ದನ್ನು ಅಷ್ಟು ಸಲ ಹೇಳಿಕೊಳ್ಳುವುದು ಯಾಕೆ ಎಂದು ಮಾತ್ರ ಕೇಳಿಕೊಂಡಿರಲಿಲ್ಲ.

ಆ ಹಕ್ಕಿಯ ವಿಷಯ ನನಗೆ ಸಿಕ್ಕಿದ್ದು ಕೆಲಸಕ್ಕೆ ಸೇರಿದ ಹೊಸತರಲ್ಲಿ, ಒಂದು ಹಳೆಯ ಪತ್ರಿಕೆಯ ಮೂಲೆಯಲ್ಲಿ. ನಿಕೋಬಾರದ ದ್ವೀಪಗಳಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲದ ಒಂದು ಮೆಗಾಪೋಡ್. ಕೋಳಿಯಷ್ಟು ದೊಡ್ಡದು. ಕಾವು ಕೂರುವುದಿಲ್ಲ. ಮರಳು, ಎಲೆ, ಕಸ ಕೆದರಿ ದೊಡ್ಡ ದಿಬ್ಬ ಮಾಡಿ, ಅದರೊಳಗೆ ಮೊಟ್ಟೆ ಹೂಳುತ್ತದೆ. ಎಲೆ ಕೊಳೆತು ಹುಟ್ಟುವ ಬಿಸಿಗೆ ಮೊಟ್ಟೆ ಒಡೆದು, ಮರಿ ತಾನೇ ಮಣ್ಣು ತಳ್ಳಿಕೊಂಡು ಮೇಲೆ ಬಂದು, ಯಾರನ್ನೂ ನೋಡದೆ, ಯಾರಿಗೂ ಕಾಯದೆ, ಕಾಡಿನೊಳಗೆ ನಡೆದುಬಿಡುತ್ತದೆ. ಅಷ್ಟೇ ಇತ್ತು. ಹೆಚ್ಚಿಗೆ ಓದಲು ನಾನು ಹೋಗಲಿಲ್ಲ. ನನಗೆ ಬೇಕಾದಷ್ಟು ಸಿಕ್ಕಿತ್ತು.

ಯಾಕೆಂದರೆ ನಾನು ಹುಟ್ಟಿದ ದಿನವೇ ಅವ್ವ ಸತ್ತಳು. ವರ್ಷ ತುಂಬುವುದರೊಳಗೆ ಅಪ್ಪ ನನ್ನನ್ನು ಹುಡಗಿ ಎಂಬ ನಮ್ಮೂರಲ್ಲಿ ತನ್ನ ಅಣ್ಣನ ಮನೆಯಲ್ಲಿ ಬಿಟ್ಟು ಸೊಲ್ಲಾಪುರದ ಮಿಲ್ಲಿಗೆ ಹೋದ, ಅಲ್ಲೇ ಇನ್ನೊಂದು ಮದುವೆಯಾದ. ದೊಡ್ಡಪ್ಪ, ದೊಡ್ಡವ್ವ, ಅವರ ಐದು ಮಕ್ಕಳು, ಎಮ್ಮೆ, ಎತ್ತು, ಕುರಿಗಳ ನಡುವೆ ನಾನೂ ಒಂದು ತಟ್ಟೆಗೆ ಕೂತು ಬೆಳೆದೆ. ಯಾರೂ ಹೊಡೆಯಲಿಲ್ಲ, ಯಾರೂ ಎತ್ತಿಕೊಳ್ಳಲೂ ಇಲ್ಲ. ಪತ್ರಿಕೆಯ ಆ ಮೂಲೆ ಓದಿದಾಗ, ಇದು ನನ್ನ ಜಾತಿಯ ಹಕ್ಕಿ ಅನ್ನಿಸಿತು.

ಪ್ರತಿ ವರ್ಷ ಪ್ರಾಣಿಗಳ ಪಾಠ ಬಂದಾಗ ಆ ಹಕ್ಕಿಯ ಕಥೆ ಹೇಳುತ್ತಿದ್ದೆ. ಒಂದು ವರ್ಷ ಎಂಟನೇ ತರಗತಿಯಲ್ಲಿ ತಾಯಿ ಸತ್ತ ಒಬ್ಬ ಹುಡುಗಿ ದಿನಾ ಹಿಂದಿನ ಬೆಂಚಿನಲ್ಲಿ ಅಳುತ್ತಿದ್ದಳು. ಅವಳನ್ನು ನಿಲ್ಲಿಸಿ, "ನೋಡವಾ, ಆ ಮರಿಗಿ ಅವ್ವಿಲ್ಲ, ಅಪ್ಪಿಲ್ಲ. ಎದ್ದು ನಡೀತದ. ನೀ ಯಾಕ ಅಳಾಕತ್ತಿ?" ಎಂದೆ. ಅವಳು ಕಣ್ಣೊರೆಸಿಕೊಂಡು ಕೂತಳು, ಮತ್ತೆ ನನ್ನ ಪಿರಿಯಡ್ಡಿನಲ್ಲಿ ಅಳಲಿಲ್ಲ. ಅದನ್ನು ನಾನು ಒಳ್ಳೆಯ ಪಾಠ ಎಂದೇ ತಿಳಿದಿದ್ದೆ.

ಅಪ್ಪನ ಬಗ್ಗೆ ನನಗೆ ನೆನಪಿರುವುದು ಒಂದು ಕೈ. ವರ್ಷಕ್ಕೊಮ್ಮೆ ಎಳ್ಳಮಾಸಿಗೆ, ಅಂದರೆ ಎಳ್ಳಮಾವಾಸ್ಯೆ ಹಬ್ಬಕ್ಕೆ, ಬರುತ್ತಿದ್ದ. ಹೊಲದಲ್ಲಿ ಎಲ್ಲರೂ ಭಜ್ಜಿ, ರೊಟ್ಟಿ ಕಟ್ಟಿಕೊಂಡು ಕೂತಾಗ ಸ್ವಲ್ಪ ದೂರ ಕೂರುತ್ತಿದ್ದ. ಅವನ ಬಲಗೈ ಸುಟ್ಟು ಮುದುಡಿತ್ತು, ಬೆರಳುಗಳು ಒಂದಕ್ಕೊಂದು ಅಂಟಿಕೊಂಡು, ಚರ್ಮ ಹೊಳೆಯುತ್ತಿತ್ತು. ಬೆಲ್ಲ ಮಾಡುವ ಗಾಣದ ಕಡಾಯಿಯಲ್ಲಿ ಬಿದ್ದಿತ್ತು ಎಂದು ನಾನು ಎಲ್ಲಿಂದಲೋ ಅಂದುಕೊಂಡಿದ್ದೆ. ನನಗೆ ಒಂಬತ್ತು ವರ್ಷವಿದ್ದಾಗ ಆ ಕೈಯನ್ನು ನನ್ನ ತಲೆಯ ಮೇಲಿಡಲು ಬಂದ. ನಾನು ಹೇಸಿ ಕತ್ತು ತಗ್ಗಿಸಿ ತಪ್ಪಿಸಿಕೊಂಡೆ. ಅಂದಿನಿಂದ ಅವನು ಹುಡಗಿಗೆ ಬಂದಾಗಲೆಲ್ಲ ಬಲಗೈ ಅಂಗಿಯ ಜೇಬಿನಲ್ಲೇ ಇರುತ್ತಿತ್ತು. ನಾನು ಕಾಲೇಜಿನಲ್ಲಿದ್ದಾಗ ಸತ್ತ. ಪರೀಕ್ಷೆ ಇದೆಯೆಂದು ಹೋಗಲಿಲ್ಲ. ಮುಂದೆ ಮನೆಯಲ್ಲಿ ಯಾರಾದರೂ ಅವನ ಹೆಸರೆತ್ತಿದರೆ ನಾನು ಎದ್ದು ಹೊರಗೆ ಹೋಗುವುದು ರೂಢಿಯಾಯಿತು.

ಹೀಗಿರುವಾಗ ನಿವೃತ್ತಿಯಾಯಿತು. ಹಾರ ಹಾಕಿಸಿಕೊಂಡು ಮನೆಗೆ ಬಂದು ಬಾಗಿಲು ಹಾಕಿಕೊಂಡ ಮೇಲೆ ನನಗೆ ಮೊದಲ ಸಲ ಹೆದರಿಕೆಯಾಯಿತು. ಮೂರು ದಿನ ಯಾರ ಜೊತೆಗೂ ಒಂದು ಮಾತೂ ಆಡಿರಲಿಲ್ಲ. ನಾಲ್ಕನೆಯ ದಿನ ಹಾಲಿನವನಿಗೆ ಏನೋ ಹೇಳಲು ಹೋದರೆ ಗಂಟಲು ಕಟ್ಟಿತ್ತು. ಯಾರೂ ಬೇಕಿಲ್ಲದೆ ಬದುಕುವ ಆ ಮರಿಯನ್ನು ಒಮ್ಮೆ ಕಣ್ಣಾರೆ ನೋಡಬೇಕು ಅನ್ನಿಸಿದ್ದು ಆಗ. ಅದು ಮಣ್ಣಿನಿಂದೆದ್ದು ಹಿಂದೆ ತಿರುಗದೆ ನಡೆದುಹೋಗುವುದನ್ನು ನೋಡಿದರೆ, ನಾನು ಬದುಕಿದ್ದೂ ಸರಿಯೇ ಎಂದು ಸಮಾಧಾನವಾಗುತ್ತಿತ್ತು. ಅದಕ್ಕಾಗಿ ಅರ್ಜಿ ಬರೆದೆ, ಪೊಲೀಸ್ ಠಾಣೆಯ ಕಾಗದ ತಂದೆ, ಅರಣ್ಯ ಇಲಾಖೆಯ ಅನುಮತಿಗೆ ತಿಂಗಳುಗಟ್ಟಲೆ ಕಾದೆ. ಕೊನೆಗೆ ಎರಡು ದಿನ ಉದ್ಯಾನದೊಳಗೆ ಹೋಗಲು ಒಪ್ಪಿಗೆ ಬಂತು.

ಪೋರ್ಟ್ ಬ್ಲೇರಿನಿಂದ ಹಡಗು ಎರಡು ರಾತ್ರಿ ಹೋಯಿತು. ಒಂದರ ಮೇಲೊಂದು ಮಂಚಗಳಿದ್ದ ದೊಡ್ಡ ಕೋಣೆಯಲ್ಲಿ ಎಲ್ಲರಿಗೂ ಅವರವರ ಜನ ಇದ್ದರು. ನಾನು ಗೋಡೆಯ ಕಡೆ ಮುಖ ಮಾಡಿ ಮಲಗಿ ವಾಂತಿ ತಡೆದುಕೊಂಡೆ. ಕಟ್ಟಿಕೊಂಡು ಹೋಗಿದ್ದ ಕಟಕ ರೊಟ್ಟಿ ನಮ್ಮೂರಲ್ಲಿ ತಿಂಗಳಿಟ್ಟರೂ ಮುರಿದರೆ ಸದ್ದು ಮಾಡುತ್ತದೆ. ಇಲ್ಲಿ ಸಮುದ್ರದ ಗಾಳಿಗೆ ಮೂರೇ ದಿನದಲ್ಲಿ ಒದ್ದೆ ಬಟ್ಟೆಯಂತಾಗಿತ್ತು. ಶೇಂಗಾ ಹಿಂಡಿಯ ಚಟ್ನಿ ಹಚ್ಚಿಕೊಂಡು ಅದನ್ನೇ ಜಗಿದೆ. ಕಣ್ಣಿಗೆ ನೀರು ಬಂತು. ಖಾರಕ್ಕೆ ಎಂದುಕೊಂಡೆ.

ಕ್ಯಾಂಪ್‌ಬೆಲ್ ಬೇ ಎಂಬ ಸಣ್ಣ ಊರಿನಲ್ಲಿ ಇಳಿದಾಗ ಇಲಾಖೆಯವರು ನನ್ನ ಜೊತೆಗೆ ಒಬ್ಬ ಕಾವಲುಗಾರನನ್ನು ಕೊಟ್ಟರು. ನಲವತ್ತು ದಾಟಿದ ಗಂಡಸು. ಅವನ ಅಜ್ಜ ಸೈನ್ಯ ಬಿಟ್ಟ ಮೇಲೆ ಸಾತಾರಾ ಕಡೆಯಿಂದ ಬಂದು ಇಲ್ಲಿ ನೆಲೆಸಿದವನಂತೆ. ನನಗೂ ಮರಾಠಿ ಬರುತ್ತದೆಂದು ತಿಳಿದದ್ದೇ ತಡ ನನ್ನನ್ನು ಮಾವಶಿ, ಅಂದರೆ ಚಿಕ್ಕಮ್ಮ, ಎಂದು ಕರೆಯತೊಡಗಿದ. ನಮ್ಮಿಬ್ಬರ ಮಾತೆಲ್ಲ ಮರಾಠಿಯಲ್ಲೇ ನಡೆಯಿತು. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಬೆಳಿಗ್ಗೆ ಕಾಡಿನೊಳಗೆ ನಡೆದೆವು. ಒಂದು ಕಡೆ ಸಮುದ್ರ, ಒಂದು ಕಡೆ ಆಕಾಶ ಕಾಣದ ಮರಗಳು. ಬಯಲಲ್ಲಿ ಹುಟ್ಟಿದ ನನಗೆ ಅಷ್ಟು ಹಸಿರು ಉಸಿರು ಕಟ್ಟಿಸಿತು. ಬಾಲ ಉದ್ದನೆಯ ಕೋತಿಗಳು ಕೇದಗೆಯಂಥ ಮರದ ಹಣ್ಣು ಕಿತ್ತು, ಮರಳಿನಲ್ಲಿ ಕೂತು ಎಳೆ ಎಳೆಯಾಗಿ ಬಿಡಿಸುತ್ತಿದ್ದವು. ಮರಿಗಳು ತಾಯಂದಿರ ಹೊಟ್ಟೆಗೆ ಅಂಟಿಕೊಂಡಿದ್ದವು. ಕಾವಲುಗಾರ ಒಂದು ಪೊಟರೆಯ ಮುಂದೆ ಕೂತು, ತೆಂಗಿನಕಾಯಿ ಬಿಚ್ಚಿ ತಿನ್ನುವ ಏಡಿಯನ್ನು ತೋರಿಸಿದ. ನಮ್ಮ ಮನೆಯ ಬೆಕ್ಕಿನಷ್ಟಿತ್ತು. ಹಸಿರು ತಾಮ್ರದ ಬಣ್ಣದ ಪಾರಿವಾಳವೊಂದು ಹಾರಿತು. ನೋಡಿ ನೋಡಿ ಎಂದು ತೋಳು ತಟ್ಟಲು ನನ್ನ ಪಕ್ಕದಲ್ಲಿ ನನ್ನವರೆನ್ನುವವರು ಯಾರೂ ಇರಲಿಲ್ಲ. ಚೆಂದದ್ದನ್ನು ಒಬ್ಬರೇ ನೋಡುವುದು ಕಷ್ಟ ಎಂದು ನನಗೆ ಆ ತನಕ ಗೊತ್ತಿರಲಿಲ್ಲ.

ದಾರಿಯಲ್ಲಿ ಒಂದು ತೊರೆ ಬಂತು. ಮೊಸಳೆಯ ಗುರುತಿದೆಯೇ ನೋಡಿ ಬರುತ್ತೇನೆ, ಇಲ್ಲೇ ನಿಲ್ಲಿ ಎಂದು ಅವನು ಮುಂದೆ ಹೋದ. ನಿಂತೆ. ಆಗ ಒಂದು ವಾಸನೆ ಬಂತು. ಕೊಳೆತ ಎಲೆ, ಒದ್ದೆ ಮಣ್ಣು, ಒಳಗಿನಿಂದ ಬೇಯುವ ಕಸದ ವಾಸನೆ. ತಿರುಗಿದರೆ ದೊಡ್ಡ ಮರದ ಬುಡದಲ್ಲಿ ನನ್ನ ಸೊಂಟದೆತ್ತರದ ಒಂದು ರಾಶಿ. ಪತ್ರಿಕೆಯಲ್ಲಿ ಓದಿದ ದಿಬ್ಬವನ್ನು ನಾನು ಮನಸ್ಸಿನಲ್ಲಿ ಗುಂಡಗೆ, ನಯವಾಗಿ, ಒಂದು ಗುಮ್ಮಟದ ಹಾಗೆ ಕಟ್ಟಿಕೊಂಡಿದ್ದೆ. ಇದು ಹಾಗಿರಲಿಲ್ಲ. ಇದು ಥೇಟ್ ಹುಡಗಿಯ ನಮ್ಮ ಹಿತ್ತಲಿನ ತಿಪ್ಪೆಯ ಹಾಗಿತ್ತು.

ನಮ್ಮ ಕಡೆ ಬೇಸಿಗೆಯಲ್ಲಿ ಗೊಬ್ಬರ ಹೊಲಕ್ಕೆ ಹೊಡೆಯುವ ಮುಂಚೆ ತಿಪ್ಪೆಯೊಳಗೆ ಮೊಣಕೈ ತನಕ ಕೈ ಹಾಕಿ ನೋಡುತ್ತಾರೆ. ಒಳಗೆ ಬಿಸಿಯಿದ್ದರೆ ಗೊಬ್ಬರ ಇನ್ನೂ ಹಣ್ಣಾಗಿಲ್ಲ, ಹಾಕಿದರೆ ಬೆಳೆ ಸುಡುತ್ತದೆ. ನಮ್ಮನೆಯಲ್ಲಿ ಆ ಕೆಲಸ ದೊಡ್ಡವ್ವನದು, ನನಗೂ ಕಲಿಸಿದ್ದಳು. ಐವತ್ತು ವರ್ಷದ ಮೇಲೆ, ಸಾವಿರಾರು ಮೈಲಿ ದೂರದಲ್ಲಿ, ನನ್ನ ಕೈ ನನ್ನನ್ನು ಕೇಳದೆ ತೋಳು ಮಡಚಿಕೊಂಡು ಆ ರಾಶಿಯೊಳಗೆ ಹೋಯಿತು. ಒಳಗೆ ಬೆಚ್ಚಗಿತ್ತು. ಇನ್ನೂ ಎಂಟು ದಿನ ಬೇಕು ಎಂದುಕೊಂಡೆ. ಅಷ್ಟರಲ್ಲಿ ಬೆರಳ ತುದಿಗೆ ನುಣ್ಣಗೆ ಏನೋ ತಗುಲಿತು.

"ಮಾವಶಿ, ಕೈ ಅಲ್ಲಾಡಿಸಬೇಡಿ."

ಕಾವಲುಗಾರ ಹಿಂದೆ ನಿಂತಿದ್ದ. ಕೂಗಲಿಲ್ಲ; ಕೂಗಿದ್ದರೆ ಚೆನ್ನಾಗಿತ್ತು. ನನ್ನ ತೋಳು ಹಿಡಿದು ಇಂಚು ಇಂಚಾಗಿ ಹೊರಗೆಳೆದ. ಬೆರಳುಗಳನ್ನು ತಿರುಗಿಸಿ ನೋಡಿದ, ಮೂಸಿದ. ಒದ್ದೆಯಿರಲಿಲ್ಲ. ಮೊಟ್ಟೆ ಒಡೆದಿದ್ದರೆ ವಾಸನೆಗೆ ಉಡ ಬಂದು ದಿಬ್ಬವನ್ನೇ ಅಗೆದು ಹಾಕುತ್ತಿತ್ತು ಎಂದ. ಅವನ ಮುಖ ಬಿಳುಚಿತ್ತು.

"ಗೊತ್ತಾಗಲಿಲ್ಲಪ್ಪ. ಗೊಬ್ಬರದ ರಾಶಿ ಅಂದುಕೊಂಡೆ."

"ಈ ಕಾಡಿನಲ್ಲಿ ಗೊಬ್ಬರ ಯಾರು ಹಾಕುತ್ತಾರೆ ಮಾವಶಿ?" ಎಂದ. ಮೂವತ್ತು ವರ್ಷ ಮಕ್ಕಳಿಗೆ ಮುಟ್ಟಬೇಡಿ, ಮುಟ್ಟಬೇಡಿ ಎಂದು ಕೂಗಿದ ಮೇಡಂ ನಾನು.

ಸ್ವಲ್ಪ ದೂರದ ಪೊದೆಯ ಹಿಂದೆ ಕೂತೆವು. ಹಕ್ಕಿಗಳು ಹೆದರಿದ್ದರೆ ದಿಬ್ಬ ಬಿಟ್ಟು ಹೋದರೂ ಹೋದವೇ, ಕತ್ತಲಾಗುವುದರೊಳಗೆ ಬಂದರೆ ಬದುಕಿದೆವು ಎಂದ. ನನಗೆ ಅರ್ಥವಾಗಲಿಲ್ಲ.

"ಹೇಗೂ ಬಿಟ್ಟೇ ಹೋಗುತ್ತವಲ್ಲ? ಮೊಟ್ಟೆ ಹೂತು ಹೋದರೆ ಮುಗಿಯಿತಲ್ಲ?"

"ಯಾರು ಹೇಳಿದರು?"

"ಓದಿದ್ದೆ."

"ಮರಿಯನ್ನು ಸಾಕುವುದಿಲ್ಲ, ಅದು ನಿಜ. ಆದರೆ ದಿಬ್ಬ ಬಿಡುವುದಿಲ್ಲ. ದಿನಾ ಬರುತ್ತವೆ. ಮಳೆ ಬಂದರೆ ಕೆದರುತ್ತವೆ, ಒಣಗಿದರೆ ಎಲೆ ತಂದು ಹಾಕುತ್ತವೆ. ಬಿಸಿ ತಪ್ಪಿದರೆ ಮೊಟ್ಟೆ ಉಳಿಯುತ್ತದೇನು? ಸುನಾಮಿಯಲ್ಲಿ ಹಳೆಯ ದಿಬ್ಬಗಳೆಲ್ಲ ಕೊಚ್ಚಿಕೊಂಡು ಹೋದವು. ಉಳಿದ ನಾಲ್ಕು ಹಕ್ಕಿ ಮತ್ತೆ ಮೊದಲಿನಿಂದ ಕೆದರಿ ಕಟ್ಟಿದ್ದು ಇದು."

ಮಧ್ಯಾಹ್ನ ದಾಟಿತು. ಸೊಳ್ಳೆ, ಬೆವರು. ನನ್ನ ಒಂದು ಕೈಯಿಂದ ಒಂದು ಮನೆ ಹಾಳಾಯಿತೇನೋ ಎಂಬ ಭಯದಲ್ಲಿ ಆ ರಾಶಿಯನ್ನೇ ನೋಡುತ್ತ ಕೂತೆ. ನೆರಳು ಉದ್ದವಾದ ಮೇಲೆ ಕಂದು ಬಣ್ಣದ ಒಂದು ಹಕ್ಕಿ ಎಲೆಗಳ ನಡುವಿನಿಂದ ಹೊರಬಂತು. ಕೆಂಪು ಮುಖ, ಮೈಗೆ ಹೊಂದದ ದೊಡ್ಡ ಕಾಲುಗಳು. ಅದರ ಹಿಂದೆ ಇನ್ನೊಂದು. ಮೊದಲನೆಯದು ನಾನು ಮಾಡಿದ ಗುಂಡಿಯ ಹತ್ತಿರ ನಿಂತು ತಲೆ ಓರೆ ಮಾಡಿ ನೋಡಿತು. ಆಮೇಲೆ ಬೆನ್ನು ತಿರುಗಿಸಿ, ಕಾಲಿನಿಂದ ಹಿಂದಕ್ಕೆ ಮರಳು ತಳ್ಳಿ ತಳ್ಳಿ ಗುಂಡಿ ಮುಚ್ಚಿತು. ಇನ್ನೊಂದು ಎಲೆ ಎಳೆದು ತಂದಿತು. ಕೊನೆಗೆ ಮೊದಲನೆಯದು ದಿಬ್ಬದೊಳಗೆ ತಲೆ ತೂರಿಸಿ ಸುಮ್ಮನೆ ನಿಂತಿತು.

"ಬಿಸಿ ನೋಡುತ್ತಿದೆ," ಎಂದು ಕಾವಲುಗಾರ ಪಿಸುಗುಟ್ಟಿದ. ಅವನ ಭುಜ ಇಳಿದದ್ದು ನನಗೆ ಕಾಣಿಸಿತು.

ನನಗೆ ಸಂತೋಷವಾಗಬೇಕಿತ್ತು. ಸಿಟ್ಟು ಬಂತು. ಯಾರೂ ಬೇಕಿಲ್ಲದ ಜೀವವೊಂದನ್ನು ನೋಡಲು ನಾನು ಅಷ್ಟು ದೂರ ಬಂದಿದ್ದೆ, ಅದು ಸುಳ್ಳಾಗಿತ್ತು. ಮರುದಿನವೂ ಹೋಗಿ ಸಂಜೆಯ ತನಕ ಕೂತೆ. ಮರಿ ಬರಲಿಲ್ಲ. ಆ ಎರಡು ಹಕ್ಕಿಗಳು ಬಂದವು, ಕೆದರಿದವು, ಬಿಸಿ ನೋಡಿದವು, ಹೋದವು.

ವಾಪಸು ಬರುವ ಹಡಗಿನಲ್ಲಿ ಹೆಚ್ಚಿನ ಹೊತ್ತು ಕಂಬಿ ಹಿಡಿದು ಹೊರಗೇ ನಿಂತಿದ್ದೆ. ಹಿಂದಿನ ಬೆಂಚಿನ ಆ ಹುಡುಗಿ ನೆನಪಾದಳು. ಅವಳು ಅಳು ನಿಲ್ಲಿಸಿದ್ದು ಸಮಾಧಾನವಾಗಿ ಅಲ್ಲ, ನನ್ನ ಮುಂದೆ ಅಳುವುದರಿಂದ ಉಪಯೋಗವಿಲ್ಲವೆಂದು. ಆಮೇಲೆ ಇನ್ನೊಂದು ವಿಷಯ ಹೊಳೆಯಿತು. ನಾನು ಏಳು ತಿಂಗಳಿಗೇ ಹುಟ್ಟಿದವಳು. ಅಂಗೈಯಷ್ಟಿದ್ದೆ, ಅರಳೆಯಲ್ಲಿ ಸುತ್ತಿ, ಹಗ್ಗದ ಹೊರಸಿನ ಮೇಲೆ ಹಾಕಿ, ಕೆಳಗೆ ಕೆಂಡದ ಶೇಗಡಿ ಇಟ್ಟು ಉಳಿಸಿದರು ಎಂದು ಮನೆಯಲ್ಲಿ ಹೇಳುತ್ತಿದ್ದರು. ಅಂಥ ಕೂಸು ತಾನಾಗಿ ಬದುಕುವುದಿಲ್ಲ. ಕೆಂಡ ಹೆಚ್ಚಾದರೆ ಬೇಯುತ್ತದೆ, ಕಡಿಮೆಯಾದರೆ ತಣ್ಣಗಾಗುತ್ತದೆ. ವಿಜ್ಞಾನ ಕಲಿಸಿದವಳಿಗೆ ಇದು ಹೊಳೆಯಲು ಅರವತ್ತು ವರ್ಷ ಬೇಕಾಯಿತು. ದೊಡ್ಡವ್ವನೇ ಇರಬೇಕು, ಎಂದುಕೊಂಡೆ. ಅವಳಿಗೆ ಒಂದು ಮಾತು ಹೇಳಬೇಕು.

ಹುಮನಾಬಾದಿನಲ್ಲಿ ಬಸ್ಸಿಳಿದು, ಮನೆಯ ಬೀಗ ಕೂಡ ತೆಗೆಯದೆ, ಆಟೋ ಹಿಡಿದು ಹುಡಗಿಗೆ ಹೋದೆ. ದೊಡ್ಡವ್ವನಿಗೆ ತೊಂಬತ್ತರ ಹತ್ತಿರ. ಮನೆ ತುಂಬ ಮಕ್ಕಳು, ಸೊಸೆಯರು, ಮೊಮ್ಮಕ್ಕಳು. ಪಡಸಾಲೆಯಲ್ಲಿ ಮೊರ ಇಟ್ಟುಕೊಂಡು ಜೋಳ ಹಸನು ಮಾಡುತ್ತಿದ್ದಳು.

"ಬಾರವಾ. ಕರ್ರಗಾಗಿ. ಎಲ್ಲಿಗಿ ಹೋಗಿದ್ದಿ?"

ಹಕ್ಕಿಯ ವಿಷಯ ಹೇಳಿದೆ, ತಿಪ್ಪೆಯೆಂದು ಕೈ ಹಾಕಿದ್ದನ್ನೂ ಹೇಳಿದೆ. ಹಲ್ಲಿಲ್ಲದ ಬಾಯಿಂದ ಬಹಳ ಹೊತ್ತು ನಕ್ಕಳು. ನಗು ನಿಂತ ಮೇಲೆ ಕೇಳಿದೆ.

"ದೊಡ್ಡವ್ವ, ನಾ ಹುಟ್ಟಿದಾಗ ಶೇಗಡಿ ಬಿಸಿ ಯಾರ್ ನೋಡ್ತಿದ್ರು? ನೀನೇ ಅಲ್ಲೇನು?"

"ನನಗೆಲ್ಲಿ ಪುರಸತ್ತು? ನನ್ನ ಮಗ್ಗಲಾಗ ನನ್ನ ಕೂಸಿತ್ತು, ಮನಿ ತುಂಬ ಮಂದಿ, ದನ. ನಿಮ್ಮಪ್ಪ ನೋಡ್ತಿದ್ದ."

ಎದ್ದು ಹೋಗಲು ನನ್ನ ಮೊಣಕಾಲು ಆಗಲೇ ಮಡಚಿತ್ತು. ಮತ್ತೆ ಕೂತೆ.

"ಹೊರಸಿನ ಬಾಜೂಕ ನೆಲಕ್ಕ ಕುಂತು, ನಿನ್ನ ಬೆನ್ನ ಕೆಳಗ ಕೈ ಇಟ್ಗೊಂಡಿರ್ತಿದ್ದ. ಬಿಸಿ ಹೆಚ್ಚಾತಂದ್ರ ಶೇಗಡಿ ಸರಸೂದು, ಕಮ್ಮಿ ಆತಂದ್ರ ಮತ್ತ ಎಳಕೊಳ್ಳೂದು. ನಲವತ್ತು ದಿನ. ಬಾಣಂತಿ ಖೋಲ್ಯಾಗ ಗಂಡಸಿಗಿ ಏನ್ ಕೆಲಸ, ಎದ್ದೇಳು ಅಂತ ನಾನೇ ಬೈದೆ. ಬಾಣಂತಿ ಎಲ್ಲದಾಳ ವೈನಿ, ಅಂದ. ಆಮ್ಯಾಲ ನಾ ಸುಮ್ಮನಾದೆ."

ಮೊರದಲ್ಲಿ ಒಂದು ಕಲ್ಲು ಹುಡುಕಿ ತೆಗೆದು ಎಸೆದು ಮುಂದುವರಿಸಿದಳು.

"ಒಂದಿನ ಕೌದಿ ಅಂಚು ಶೇಗಡ್ಯಾಗ ಬಿದ್ದು ಹೊತ್ಕೊಂತು. ನೀರಿಗಿ ಓಡಿದ್ರ ಹೊತ್ತಾಗ್ತದಂತ ಬರೇ ಕೈಲೇ ಹಿಚುಕಿ ಹಿಚುಕಿ ಆರಿಸ್ಯಾನ. ನೀ ಎಚ್ಚರಾಗಲಿಲ್ಲ ನೋಡು."

"ಗಾಣದ ಕಡಾಯ್ಯಾಗ ಸುಟ್ಟಿದ್ದಲ್ಲೇನು?"

"ಯಾವ ಗಾಣ? ಆಗ ನಮ್ಮಲ್ಲಿ ಕಬ್ಬೆಲ್ಲಿತ್ತು?" ಎಂದು ನನ್ನನ್ನೇ ದಡ್ಡಿಯೆಂಬಂತೆ ನೋಡಿದಳು. "ಬೆರಳು ಬಿಚ್ಚತಿರಲಿಲ್ಲ. ನೇಗಿಲ ಹ್ಯಾಂಗ ಹಿಡೀಬೇಕು? ಹೊಲದಾಗ ಕೂಲಿಗೂ ಯಾರೂ ಕರೀಲಿಲ್ಲ. ಅದಕ್ಕ ಸೊಲ್ಲಾಪುರಕ್ಕ ಹೋದ, ಮಿಲ್ಲಿನ ಗೇಟ್ ಕಾಯಾಕ."

"ನನಗ್ಯಾಕ ಒಬ್ರೂ ಹೇಳಲಿಲ್ಲ?"

"ಅವನ ಹೆಸರು ತಗದ್ರ ನೀ ಎದ್ದು ಹೋಗ್ತಿದ್ದಿ. ಎದ್ದು ಹೋಗೋರಿಗಿ ಏನ್ ಹೇಳೂದವಾ?" ಎಂದಳು. ಸಿಟ್ಟಿನಿಂದಲ್ಲ, ಜೋಳದಲ್ಲಿ ಕಲ್ಲಿದೆ ಎನ್ನುವ ಹಾಗೆ.

ಆಮೇಲೆ ಮೊರ ನನ್ನ ಕಡೆ ಸರಿಸಿ, ನಾಳೆ ಗೊಬ್ಬರ ಹೊಡೆಯುತ್ತಾರೆ, ತನಗೆ ಬಗ್ಗಲು ಆಗುವುದಿಲ್ಲ, ಸೊಸೆಯರಿಗೆ ತಿಳಿಯುವುದಿಲ್ಲ, ಸ್ವಲ್ಪ ತಿಪ್ಪೆ ನೋಡಿ ಬಾ ಎಂದಳು. ನಾನು ಹಿತ್ತಲಿಗೆ ಹೋದೆ. ತೋಳು ಮಡಚಿ ಮೊಣಕೈ ತನಕ ಕೈ ಹಾಕಿದೆ. ಒಳಗೆ ಇನ್ನೂ ಬಿಸಿಯಿತ್ತು. ಕೈ ತೆಗೆಯದೆ ಅಲ್ಲೇ ಕುಕ್ಕರುಗಾಲಲ್ಲಿ ಕೂತು ಅತ್ತೆ. ಸೊಸೆಯೊಬ್ಬಳು ಬಾಗಿಲ ತನಕ ಬಂದು, ನೋಡಿ, ಒಳಗೆ ಹೋದಳು. ನಲವತ್ತು ದಿನ ನನ್ನ ಬೆನ್ನ ಕೆಳಗಿದ್ದ ಕೈ ಅದು, ಮುಂದೆ ಅಂಗಿಯ ಜೇಬಿನಲ್ಲಿ ಅಡಗಿ ಕೂತ ಕೈ. ಒಂದು ಸಲವೂ ನಾನು ಅದನ್ನು ಮುಟ್ಟಿರಲಿಲ್ಲ.